ರೋಬಾಟಿನ ತೋಳಿಗೆ ಯಾವ ಲೋಹ?

ಮಾವಿನ ಮರದ ತುದಿಗೊಂಬೆಯ ಕಾಯನ್ನು ದೋಟಿಯಿಂದ ಕೀಳಲು ಹವಣಿಸಿದವರಿಗೆಲ್ಲ ಒಂದು ಸಂಗತಿ ಅನುಭವದಿಂದಲೇ ತಿಳಿದಿದೆ. ದೋಟಿ ಮಾರುದ್ದವಿರುವಾಗ ಅದರ ಕೊಕ್ಕೆ ನಾವು ಹೇಳಿದಲ್ಲಿಗೆ ಹೋಗುವುದು, ಮೂರಾಳುದ್ದವಾದಾಗ ಹೋಗುವುದಿಲ್ಲ. ಇತ್ತ ಕೈ ಒಂದಂಗುಲ ಸರಿದರೆ ಅತ್ತ ತುದಿ ಒಂದು ಮೊಳ ತೂಗಾಡುತ್ತದೆ. ತೂಗಾಟ ನಿಲ್ಲುವ ತನಕ ಕಾದು, ಉಸಿರು ಬಿಗಿಹಿಡಿದು, ಮತ್ತೆ ಗುರಿಯಿಡಬೇಕು. ಗಳು ಮುರಿದಿರುವುದಿಲ್ಲ, ಮುರಿಯುವ ಭಯವೂ ಇರುವುದಿಲ್ಲ. ಆದರೂ ಕೆಲಸ ಕೆಡುತ್ತದೆ.

2011ರಲ್ಲಿ ಅಮೆರಿಕದಲ್ಲಿಯೂ ಇತರ ಕೆಲವು ದೇಶಗಳಲ್ಲಿಯೂ ಪ್ರೌಢಶಾಲೆಗಳ ಸುಮಾರು ಎರಡು ಸಾವಿರ ತಂಡಗಳು ಇದೇ ತೊಡಕನ್ನು ಎದುರಿಸಿದುವು. ಅಲ್ಲಿ ಡೀನ್ ಕೇಮನ್ ಎಂಬ ಯಂತ್ರೋಪಜ್ಞ 1989ರಲ್ಲಿ ಸ್ಥಾಪಿಸಿದ 'ಫಸ್ಟ್' ಎಂಬ ಸಂಸ್ಥೆಯೊಂದುಂಟು. 1992ರಿಂದ ಅದು ವಿದ್ಯಾರ್ಥಿಗಳಿಗಾಗಿ ಯಂತ್ರಮಾನವರ, ಎಂದರೆ ರೋಬಾಟುಗಳ, ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ಆ ವರ್ಷದ ಆಟದ ಹೆಸರು 'ಲೋಗೋ ಮೋಷನ್'. ಗಾಳಿ ತುಂಬಿದ ತ್ರಿಕೋನ, ವೃತ್ತ, ಚೌಕಾಕೃತಿಯ ಬಳೆಗಳನ್ನು ರೋಬಾಟು ತನ್ನ ತೋಳಿನಿಂದ ಎತ್ತಿ ಗೋಡೆಯ ಗೂಟಗಳಿಗೆ ನೇತುಹಾಕಬೇಕು. ಮೇಲಿನ ಸಾಲಿನ ಗೂಟಕ್ಕೆ ಹೆಚ್ಚು ಅಂಕ. ಆಟದ ಅವಧಿ ಎರಡು ನಿಮಿಷ ಹದಿನೈದು ಸೆಕೆಂಡು ಮಾತ್ರ. ಬ್ಯಾಟರಿಯನ್ನೂ ಸುತ್ತಲಿನ ಮೆತ್ತೆಯನ್ನೂ ಬಿಟ್ಟು ರೋಬಾಟಿನ ತೂಕ 120 ಪೌಂಡುಗಳನ್ನು, ಎಂದರೆ ಸುಮಾರು 54 ಕಿಲೋಗ್ರಾಂಗಳನ್ನು, ಮೀರಕೂಡದು. ಕಟ್ಟಲು ದೊರೆತ ಕಾಲ ಆರು ವಾರ. ಇಷ್ಟರಲ್ಲಿ ತೋಳನ್ನು ಯಾವ ವಸ್ತುವಿನಿಂದ ಮಾಡಬೇಕು? ತಪ್ಪಿದರೆ ಮತ್ತೆ ಮಾಡಲು ವೇಳೆಯೂ ಇಲ್ಲ, ಹಣವೂ ಇಲ್ಲ.

'ಅತ್ಯಂತ ಗಟ್ಟಿಯಾದ, ಅತ್ಯಂತ ಹಗುರವಾದ ಲೋಹ ಯಾವುದೋ ಅದರಿಂದ' ಎಂದು ವಾಚಕರು ಥಟ್ಟನೆ ಉತ್ತರ ಕೊಡಬಹುದು. ಆ ಉತ್ತರ ಎಷ್ಟರಮಟ್ಟಿಗೆ ಸರಿ ಎಂಬುದನ್ನು ನಾವೀಗ ಲೆಕ್ಕ ಹಾಕಿ ನೋಡೋಣ.

ಮೊದಲು ಎರಡು ಗುಣಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಒಂದು ವಸ್ತು ಮುರಿಯದೆ, ಶಾಶ್ವತವಾಗಿ ಬಾಗಿ ಹೋಗದೆ ಎಷ್ಟು ಭಾರವನ್ನು ತಾಳೀತು ಎಂಬುದು ಅದರ ಗಟ್ಟಿತನ. ಭಾರ ಬಿದ್ದಾಗ ಎಷ್ಟು ಕಡಿಮೆ ಬಾಗೀತು ಎಂಬುದು ಅದರ ಪೆಡಸುತನ. ದೋಟಿಯಲ್ಲಿ ಗಟ್ಟಿತನಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ಪೆಡಸುತನಕ್ಕೆ. ಪದಾರ್ಥದ ಪೆಡಸುತನವನ್ನು ಅಳೆಯುವುದು ಯಂಗ್ ಗುಣಾಂಕದಿಂದ. ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ತಂತಿಗೆ ತೂಕ ಕಟ್ಟಿ ಅಳೆಯುವುದುಂಟು. ಉಕ್ಕಿಗೆ ಅದು ಸುಮಾರು 205 ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹಕ್ಕೆ 114, ಅಲ್ಯುಮಿನಿಯಮ್ಮಿಗೆ 69, ಮೆಗ್ನೀಸಿಯಮ್ಮಿಗೆ 45. ಇಷ್ಟನ್ನೇ ನೋಡಿದರೆ ಉಕ್ಕೇ ಗೆದ್ದಂತೆ. ಆದರೆ ಉಕ್ಕು ಭಾರ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ 7.85 ಗ್ರಾಂ, ಟೈಟಾನಿಯಂ 4.43, ಅಲ್ಯುಮಿನಿಯಂ 2.7, ಮೆಗ್ನೀಸಿಯಂ ಸುಮಾರು 1.75 ಗ್ರಾಂ. ಪ್ರತಿಯೊಂದರ ಗುಣಾಂಕವನ್ನು ಅದರದೇ ಸಾಂದ್ರತೆಯಿಂದ ಭಾಗಿಸಿ ನೋಡಿ. ಉಕ್ಕಿಗೆ 26, ಟೈಟಾನಿಯಮ್ಮಿಗೆ 26, ಅಲ್ಯುಮಿನಿಯಮ್ಮಿಗೆ 26, ಮೆಗ್ನೀಸಿಯಮ್ಮಿಗೆ 26!

ಇದೇನು ಸೋಜಿಗ! ತೂಕಕ್ಕೆ ತೂಕ ಹೋಲಿಸಿದರೆ ಈ ನಾಲ್ಕು ಲೋಹಗಳೂ ಒಂದೇ. ವಿಮಾನದ ಲೋಹವೆಂದು ಹೆಸರಾದ ಟೈಟಾನಿಯಮ್ಮಿಗೆ ಹತ್ತಾರು ಪಟ್ಟು ಹಣ ತೆತ್ತು ತಂದರೂ ಪೆಡಸುತನದಲ್ಲಿ ಕವಡೆಯಷ್ಟೂ ಲಾಭವಿಲ್ಲ. ಎಲ್ಲ ಲೋಹಗಳೂ ಹೀಗೆಂದಲ್ಲ. ಹಿತ್ತಾಳೆಯದು ಇದರ ಅರ್ಧಕ್ಕೂ ಕಡಿಮೆ. ಬೆರಿಲಿಯಮ್ಮಿನದು ಆರು ಪಟ್ಟು ಹೆಚ್ಚು. ಅದಕ್ಕೇ 2021ರಲ್ಲಿ ಗಗನಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಗಳನ್ನು ಅದರಿಂದ ಮಾಡಿದರು. ಆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಶಾಲೆಯ ಕಮ್ಮಟಕ್ಕೆ ತರಬಾರದ ಲೋಹ ಅದು. ಇನ್ನೊಂದು ವಿನೋದವೆಂದರೆ, ಸ್ಪ್ರೂಸ್ ಮರವನ್ನು ಅದರ ನಾರಿನ ಗುಂಟ ಅಳೆದರೆ ಅದೂ ಹೆಚ್ಚುಕಡಿಮೆ 24ಕ್ಕೆ ಬಂದು ನಿಲ್ಲುತ್ತದೆ. ರೈಟ್ ಸೋದರರು 1903ರ ತಮ್ಮ ವಿಮಾನಕ್ಕೆ ಆ ಮರವನ್ನು ಆರಿಸಿದುದು ಬರಿಯ ಅಗ್ಗದ ಆಸೆಯಿಂದಲ್ಲ.

ಹಾಗಾದರೆ ಗೆಲ್ಲುವುದು ಹೇಗೆ? ಲೋಹ ಬದಲಿಸುವುದರಿಂದಲ್ಲ, ಲೋಹದ ಆಕಾರ ಬದಲಿಸುವುದರಿಂದ. ನಾವು ಒಂದು ಮಾದರಿ ತೋಳನ್ನು ತೆಗೆದುಕೊಳ್ಳೋಣ. ಅದರ ಉದ್ದ ಒಂದು ಮೀಟರ್. ತುದಿಯಲ್ಲಿ ಹಿಡಿಯುವ ಹಸ್ತ ಮತ್ತು ಬಳೆ ಸೇರಿ 2 ಕಿಲೋಗ್ರಾಂ ಭಾರ. ತೋಳಿಗೆ 50 ಮಿಲಿಮೀಟರ್ ಎತ್ತರ, 25 ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಗೋಡೆಯುಳ್ಳ ಅಲ್ಯುಮಿನಿಯಮ್ಮಿನ ಆಯತ ಕೊಳವೆ. ಅದರ ತೂಕ 580 ಗ್ರಾಂ. ಭುಜದಲ್ಲಿ ಅದನ್ನು ಅಲುಗದಂತೆ ಕಚ್ಚಿಹಿಡಿದರೆ ತುದಿ ಬಾಗುವುದು ಸುಮಾರು 1.4 ಮಿಲಿಮೀಟರ್ ಮಾತ್ರ. ಈಗ ಅದೇ 580 ಗ್ರಾಂ ಲೋಹವನ್ನು ಕರಗಿಸಿ ಒಂದು ಮೀಟರ್ ಉದ್ದದ ಘನ ಸರಳಾಗಿ ಎರಕ ಹೊಯ್ದೆವೆನ್ನಿ. ಅದು ಸುಮಾರು 15 ಮಿಲಿಮೀಟರ್ ಚೌಕದ ಸರಳಾದೀತು. ಅದರ ತುದಿ ಬಾಗುವುದು 25 ಮಿಲಿಮೀಟರ್! ಲೋಹ ಅದೇ, ತೂಕ ಅದೇ, ಬಾಗುವುದು ಹದಿನೆಂಟು ಪಟ್ಟು. ಕಾರಣವಿಷ್ಟೆ: ಬಾಗುವ ತೊಲೆಯ ಮೇಲಿನ ಅಂಚು ಹಿಗ್ಗುತ್ತದೆ, ಕೆಳಗಿನ ಅಂಚು ಕುಗ್ಗುತ್ತದೆ, ನಟ್ಟನಡುವಿನ ಪದರ ಹಿಗ್ಗದೆ ಕುಗ್ಗದೆ ಸುಮ್ಮನಿರುತ್ತದೆ. ನಡುವೆ ಕುಳಿತ ಲೋಹ ಕೂಲಿಗೆ ಬಂದು ನೆರಳಲ್ಲಿ ಕುಳಿತ ಆಳಿನಂತೆ. ಅದನ್ನು ಎಬ್ಬಿಸಿ ಅಂಚಿಗೆ ಕಳುಹಿಸಿದರೆ ಕೆಲಸ ನಡೆಯುವುದು.

ಈ ವಿಷಯವನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಹಕ್ಕಿಯ ಮೂಳೆಯೂ ಜೊಂಡಿನ ಕಡ್ಡಿಯೂ ಟೊಳ್ಳಾಗಿರುವುದರ ಮರ್ಮವನ್ನು ಅವನು ಅಲ್ಲಿ ವಿವರಿಸುತ್ತಾನೆ. ನಮ್ಮ ಬಿದಿರು ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ತೆಳುಗೋಡೆಯ ಕೊಳವೆಯನ್ನು ಬಾಗಿಸಿದರೆ ಅದು ಚಪ್ಪಟೆಯಾಗಿ ಮಡಿಚಿಕೊಳ್ಳುವ ಅಪಾಯವುಂಟಷ್ಟೆ. ಬಿದಿರು ತನ್ನೊಳಗೆ ಗೇಣಿಗೊಂದು ಗೆಣ್ಣನ್ನು ಅಡ್ಡಗೋಡೆಯಾಗಿ ಕಟ್ಟಿಕೊಂಡು ಅದನ್ನು ತಡೆಯುತ್ತದೆ. ರೋಬಾಟು ಕಟ್ಟುವ ಜಾಣ ವಿದ್ಯಾರ್ಥಿಗಳು ಕೊಳವೆಗೆ ಬೋಲ್ಟು ಹಾಕುವ ಕಡೆಗಳಲ್ಲಿ ಒಳಗೊಂದು ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡನ್ನು ತುರುಕುವುದು ಇದೇ ಗೆಣ್ಣಿನ ಕೆಲಸಕ್ಕೆ; ಇಲ್ಲವಾದರೆ ಬೋಲ್ಟನ್ನು ಬಿಗಿದಂತೆ ಗೋಡೆ ಒಳಕ್ಕೆ ಕುಸಿಯುವುದು. ಬಿದಿರಿನಿಂದಲೇ ತೋಳು ಮಾಡಬಾರದೇಕೆ ಎಂದರೆ, ಎರಡು ಬಿದಿರುಗಳು ಒಂದೇ ಅಳತೆಯಲ್ಲಿ ಬೆಳೆಯುವುದಿಲ್ಲ, ಬೋಲ್ಟಿನ ತೂತಿನಿಂದ ಅದು ಉದ್ದಕ್ಕೂ ಸೀಳಿಕೊಳ್ಳುತ್ತದೆ. ಆದರೆ ಮರ ಕೀಳೆಂದು ಭಾವಿಸಬೇಕಾಗಿಲ್ಲ. ಪ್ಲೈವುಡ್ಡಿನಿಂದಲೇ ರೋಬಾಟು ಕಟ್ಟಿದ ತಂಡಗಳುಂಟು.

ಇನ್ನೊಂದು ಮಾತು. ಅದೇ ಆಯತ ಕೊಳವೆಯನ್ನು ನಿಲ್ಲಿಸುವ ಬದಲು ಮಲಗಿಸಿ, ಎಂದರೆ 25 ಮಿಲಿಮೀಟರಿನ ಬದಿ ಎತ್ತರವಾಗುವಂತೆ, ಜೋಡಿಸಿದರೆ ತುದಿ 4 ಮಿಲಿಮೀಟರಿಗೂ ಹೆಚ್ಚು ಬಾಗುತ್ತದೆ. ಸೂರಿನ ತೊಲೆಯನ್ನು ಬಡಗಿ ಯಾವಾಗಲೂ ನಿಲ್ಲಿಸಿಯೇ ಇಡುವುದನ್ನು ನಾವೆಲ್ಲ ನೋಡಿದ್ದೇವೆ. ಕಾಸು ಖರ್ಚಿಲ್ಲದೆ ಮೂರು ಪಟ್ಟು ಪೆಡಸುತನ!

ನಾಲ್ಕು ಲೋಹಗಳೂ ಸಮವಾದರೆ ಅಲ್ಯುಮಿನಿಯಮ್ಮನ್ನೇ ಏಕೆ ಆರಿಸಬೇಕು? ಇಲ್ಲಿಯೂ ಉತ್ತರ ಆಕಾರದಲ್ಲಿದೆ. ಅದೇ ಹೊರ ಅಳತೆಯ, ಅದೇ ತೂಕದ ಕೊಳವೆಯನ್ನು ಉಕ್ಕಿನಲ್ಲಿ ಮಾಡಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ಬಾಗುವುದು. ಆದರೆ ಅದರ ಗೋಡೆ ಅರ್ಧ ಮಿಲಿಮೀಟರಿನಷ್ಟು ತೆಳು. ಅದು ಎಣ್ಣೆ ಡಬ್ಬಿಯ ತಗಡನ್ನು ನೆನಪಿಗೆ ತರುವ ಗೋಡೆ. ಎದುರಾಳಿಯ ಯಂತ್ರ ಒಮ್ಮೆ ತಾಕಿದರೆ ತಗ್ಗು ಬೀಳುವುದು, ತಗ್ಗು ಬಿದ್ದೆಡೆಯಲ್ಲಿ ಕೊಳವೆ ಮಡಿಚುವುದು. ಹಗುರ ಲೋಹದ ನಿಜವಾದ ಲಾಭ ಇದು: ಅದೇ ತೂಕದಲ್ಲಿ ಮೂರು ಪಟ್ಟು ದಪ್ಪದ ಗೋಡೆ ಸಿಗುತ್ತದೆ. ಮೆಗ್ನೀಸಿಯಮ್ಮಿನಲ್ಲಿ ಗೋಡೆ ಇನ್ನೂ ದಪ್ಪವಾದೀತು. ಆದರೆ ಅದು ದುಬಾರಿ, ಅದರ ಅರದ ಪುಡಿಗೆ ಬೆಂಕಿಯ ಭಯವೂ ಉಂಟು.

ಕೊಳವೆ ಮುಚ್ಚಿದ ಕೊಳವೆಯೇ ಆಗಿರಬೇಕು ಎಂಬುದಕ್ಕೆ ಮತ್ತೊಂದು ಕಾರಣವಿದೆ. ತೋಳು ಕೆಳಕ್ಕೆ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುವುದೂ ಉಂಟು. ಬಳೆ ಹಸ್ತದ ಒಂದು ಪಕ್ಕಕ್ಕೆ ಜೋತು ಬಿದ್ದರೆ, ಅಥವಾ ಹಸ್ತ ಗೂಟಕ್ಕೆ ಸಿಕ್ಕಿಕೊಂಡಿರುವಾಗ ರೋಬಾಟು ತಿರುಗಿದರೆ, ಕೊಳವೆ ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಲ್ಪಡುವುದು. ಒಂದು ಹಾಳೆ ಕಾಗದವನ್ನು ಸುರುಳಿ ಸುತ್ತಿ, ಅಂಟು ಹಚ್ಚದೆ, ಎರಡು ಕೈಗಳಿಂದ ತಿರುಚಿ ನೋಡಿ. ಅಂಚುಗಳು ಒಂದರ ಮೇಲೊಂದು ಜಾರಿ ಸುರುಳಿ ಸಲೀಸಾಗಿ ತಿರುಚಿಕೊಳ್ಳುತ್ತದೆ. ಅಂಚನ್ನು ಉದ್ದಕ್ಕೂ ಅಂಟಿಸಿ, ಒಣಗಿದ ಮೇಲೆ ಮತ್ತೆ ತಿರುಚಿ. ಅದೇ ಕಾಗದವೇ ಇದು ಎಂದು ಬೆರಗಾಗುವಿರಿ. ನಮ್ಮ ಮಾದರಿ ಕೊಳವೆಯನ್ನು ಗರಗಸದಿಂದ ಉದ್ದಕ್ಕೂ ಒಂದು ಗೀರು ಸೀಳಿದರೆ, ಲೆಕ್ಕದ ಪ್ರಕಾರ, ತಿರುಚನ್ನು ತಡೆಯುವ ಅದರ ಶಕ್ತಿ ಮುನ್ನೂರನೆಯ ಒಂದು ಪಾಲಿಗಿಂತಲೂ ಕೆಳಕ್ಕಿಳಿಯುವುದು. ತೂಕ ಉಳಿಸುವ ಹುರುಪಿನಲ್ಲಿ ಕೊಳವೆಯ ಒಂದು ಬದಿಯನ್ನೇ ಕತ್ತರಿಸಿ ತೆಗೆಯುವವರು ಇದನ್ನು ಮೊದಲು ಕಾಗದದ ಮೇಲೆ ಪರೀಕ್ಷಿಸುವುದು ಲೇಸು. ಬದಿಗಳಲ್ಲಿ ದುಂಡನೆಯ ತೂತುಗಳನ್ನು ಕೊರೆದರೆ ಅಷ್ಟು ಕೆಡುಕಿಲ್ಲ. ಕೊಳವೆ ಆಗಲೂ ಮುಚ್ಚಿದ ಕೊಳವೆಯಾಗಿಯೇ ಉಳಿಯುತ್ತದೆ.

ಇನ್ನು ಗಟ್ಟಿತನದ ಮಾತು. ನಮ್ಮ ತೋಳಿನ ಬುಡದಲ್ಲಿ ಉಂಟಾಗುವ ಒತ್ತಡ ಸುಮಾರು 8 ಮೆಗಾಪಾಸ್ಕಲ್. 6061-ಟಿ6 ಎಂಬ ಅಲ್ಯುಮಿನಿಯಂ ಮಿಶ್ರಲೋಹ ಶಾಶ್ವತವಾಗಿ ಬಾಗುವುದು 276 ಮೆಗಾಪಾಸ್ಕಲಿಗೆ. ಮೂವತ್ತು ಪಟ್ಟಿಗೂ ಮೀರಿದ ಭದ್ರತೆ! ಇಷ್ಟು ಏತಕ್ಕೆ ಎಂದು ಕೇಳಬಹುದು. ಭಾರ ಎತ್ತುವುದಕ್ಕಲ್ಲ, ಡಿಕ್ಕಿಗೆ. ಬ್ಯಾಟರಿ ಮತ್ತು ಮೆತ್ತೆ ಸೇರಿ 65 ಕಿಲೋಗ್ರಾಂ ತೂಗುವ ರೋಬಾಟು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 520 ಜೌಲ್. ಇಪ್ಪತ್ತೈದು ಕಿಲೋಗ್ರಾಂ ಅಕ್ಕಿಯ ಮೂಟೆ ಎರಡು ಮೀಟರ್ ಎತ್ತರದಿಂದ ಬಿದ್ದಂತೆ. ಚಾಚಿದ ತೋಳಿಗೆ ಇದರ ಒಂದಂಶ ತಗುಲಿದರೂ ಸಾಕು.

ಮೆತ್ತಗಿನ ಅಲ್ಯುಮಿನಿಯಮ್ಮಿಗೆ ಇಷ್ಟು ಗಟ್ಟಿತನ ಬಂದುದು ಹೇಗೆಂಬುದು ಒಂದು ಸ್ವಾರಸ್ಯದ ಕಥೆ. 1906ರ ಸುಮಾರಿಗೆ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞ ತಾಮ್ರವನ್ನೂ ಕೊಂಚ ಮೆಗ್ನೀಸಿಯಮ್ಮನ್ನೂ ಬೆರೆಸಿದ ಅಲ್ಯುಮಿನಿಯಮ್ಮನ್ನು ಕಾಯಿಸಿ ತಟ್ಟನೆ ತಣಿಸಿದ. ಉಕ್ಕಿನಂತೆ ಅದು ಕೂಡಲೇ ಗಡುಸಾದೀತೆಂದು ಅವನ ನಿರೀಕ್ಷೆ, ಆಗಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಅಳೆದಾಗ ಅದು ತಾನಾಗಿಯೇ ಗಡುಸಾಗಿತ್ತು! ಲೋಹದೊಳಗೆ ಕರಗಿದ್ದ ಅನ್ಯ ಪರಮಾಣುಗಳು ನಿಧಾನವಾಗಿ ಒಂದುಗೂಡಿ ಸೂಕ್ಷ್ಮ ಕಣಗಳಾಗಿ, ಹರಳಿನ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯೊಡ್ಡುತ್ತವೆ. 6061ರಲ್ಲಿ ಆ ಕಣಗಳು ಮೆಗ್ನೀಸಿಯಂ ಮತ್ತು ಸಿಲಿಕಾನುಗಳವು. 'ಟಿ6' ಎಂದರೆ ಕಾಯಿಸಿ, ತಣಿಸಿ, ಮತ್ತೆ ಸೌಮ್ಯವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಹದಗೊಳಿಸಿದುದು ಎಂದರ್ಥ. ಹದಗೊಳ್ಳದ ಅದೇ ಲೋಹ ಕೇವಲ 55 ಮೆಗಾಪಾಸ್ಕಲಿಗೆ ಬಾಗುವುದು. ಇಲ್ಲಿ ಗಮನಿಸತಕ್ಕ ಅಂಶ: ಹದಗೊಂಡರೂ ಗೊಳ್ಳದಿದ್ದರೂ ಯಂಗ್ ಗುಣಾಂಕ 69 ಗಿಗಾಪಾಸ್ಕಲೇ. ಹದ ಗಟ್ಟಿತನವನ್ನು ಕೊಡುತ್ತದೆ, ಪೆಡಸುತನವನ್ನಲ್ಲ.

ಇದರಿಂದ ಎರಡು ಎಚ್ಚರಿಕೆಗಳು ಹೊರಡುತ್ತವೆ. ನಮ್ಮ ಊರುಗಳಲ್ಲಿ ಕಿಟಕಿ ಬಾಗಿಲುಗಳ ಚೌಕಟ್ಟಿಗೆಂದು ಮಾರುವ ಅಲ್ಯುಮಿನಿಯಂ ಸಾಮಾನ್ಯವಾಗಿ 6063 ಎಂಬ ಮೃದುವಾದ ಮಿಶ್ರಲೋಹ. ಅದರಿಂದ ಮಾಡಿದ ತೋಳು ಭಾರಕ್ಕೆ ಅಷ್ಟೇ ಬಾಗುವುದು, ಆದರೆ ಡಿಕ್ಕಿಗೆ ಬೇಗ ಸೊಟ್ಟಗಾಗುವುದು. ಎರಡನೆಯದು ಬೆಸುಗೆಯದು. ವೆಲ್ಡಿಂಗಿನ ಬಿಸಿ ತಗುಲಿದ ಕಡೆ ಹದವೆಲ್ಲ ಕೆಟ್ಟು, ಲೋಹದ ಗಟ್ಟಿತನ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೆಸೆದ ತೋಳು ಬಾಗುವುದು ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ. ತೆಳುಗೋಡೆಯ ಕೊಳವೆಗಳನ್ನು ತಗಡಿನ ಪಟ್ಟಿಗಳ ನಡುವೆ ರಿವೆಟ್ ಹೊಡೆದು ಜೋಡಿಸುವುದೇ ಮೇಲು.

ಇಂಗಾಲದ ನಾರಿನ ವಿಷಯ ಹೇಳದಿದ್ದರೆ ಈಗಿನ ವಿದ್ಯಾರ್ಥಿಗಳು ನಮ್ಮನ್ನು ಬಿಡುವವರಲ್ಲ. ನಾರುಗಳೆಲ್ಲ ಒಂದೇ ದಿಕ್ಕಿಗೆ ಇರುವಂತೆ ರಾಳದಲ್ಲಿ ಹುದುಗಿಸಿದ ಕಾರ್ಬನ್ ಫೈಬರಿನ ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿದರೆ 80ಕ್ಕೂ ಮೀರುತ್ತದೆ. ಲೋಹಗಳ ಮೂರು ಪಟ್ಟು. 1981ರ ನವೆಂಬರಿನಲ್ಲಿ ಕೊಲಂಬಿಯಾ ನೌಕೆಯೊಡನೆ ಮೊದಲು ಅಂತರಿಕ್ಷಕ್ಕೆ ಹೋದ 'ಕೆನಡಾರ್ಮ್' ಎಂಬ ಯಂತ್ರಬಾಹುವಿನ ಮೂಳೆಗಳು ಇದರವೇ. ಆ ಬಾಹು 15 ಮೀಟರ್ ಉದ್ದ, 410 ಕಿಲೋಗ್ರಾಂ ತೂಕ. ಭೂಮಿಯ ಮೇಲೆ ಅದು ತನ್ನನ್ನು ತಾನೇ ಎತ್ತಿಕೊಳ್ಳಲಾರದು. ಅಲ್ಲಿ ನಾರಿನ ಆಯ್ಕೆ ನ್ಯಾಯವೇ. ನಮ್ಮ ಒಂದು ಮೀಟರಿನ ತೋಳಿಗೂ ನ್ಯಾಯವೇ?

ತೋಳನ್ನು ಬೇಗ ಎತ್ತಿ ಬೇಗ ನಿಲ್ಲಿಸಲು ಅಡ್ಡಬರುವುದು ಬರಿಯ ತೂಕವಲ್ಲ, ಭುಜದಿಂದ ಆ ತೂಕ ಎಷ್ಟು ದೂರವಿದೆ ಎಂಬುದರ ವರ್ಗ. ಇದನ್ನು ಜಡತ್ವ ಭ್ರಾಮಕವೆನ್ನುವರು. ತುದಿಯ 2 ಕಿಲೋಗ್ರಾಮಿನ ಪಾಲು ಇದರಲ್ಲಿ 2. ಇಡೀ ಕೊಳವೆಯ ಪಾಲು 0.19 ಮಾತ್ರ! ಅದೇ ಅಳತೆಯ ಇಂಗಾಲದ ಕೊಳವೆ ತಂದರೆ ಉಳಿಯುವ ತೂಕ 240 ಗ್ರಾಂ. ಜಡತ್ವ ಭ್ರಾಮಕದಲ್ಲಿ ಉಳಿತಾಯ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅದರ ಬದಲು ಹಸ್ತದಲ್ಲಿರುವ 400 ಗ್ರಾಮಿನ ಮೋಟಾರನ್ನು ಭುಜದ ಬಳಿಗೆ ತಂದು, ಹಗುರವಾದ ದಾರದಿಂದ ಬೆರಳುಗಳನ್ನು ಎಳೆದರೆ ಉಳಿತಾಯ ನೂರಕ್ಕೆ ಹದಿನೆಂಟರಷ್ಟು. ತುದಿಯ ಹೊರೆ ಹೆಚ್ಚಿದಷ್ಟೂ ಕೊಳವೆಯ ತೂಕ ಇನ್ನೂ ಗೌಣವಾಗುವುದು. 2014ರಲ್ಲಿ ಪುಣೆಯಲ್ಲಿ ನಡೆದ ಏಷ್ಯಾ-ಪೆಸಿಫಿಕ್ ರೋಬೋಕಾನ್ ಸ್ಪರ್ಧೆಯಲ್ಲಿ ತಾಯಿ ರೋಬಾಟು ಮಗು ರೋಬಾಟನ್ನು ಎತ್ತಿಕೊಂಡು ಹೋಗಿ ಉಯ್ಯಾಲೆಯಲ್ಲಿ ಕೂರಿಸಬೇಕಾಗಿತ್ತು. ಅಂಥಲ್ಲಿ ತೋಳಿನ ಗ್ರಾಂಗಳನ್ನು ಎಣಿಸುವುದಕ್ಕಿಂತ ಮಗುವಿನ ತೂಕವನ್ನು ಇಳಿಸುವುದೇ ಉಪಾಯ. ಇಂಗಾಲದ ಕೊಳವೆಯಲ್ಲಿ ಬೋಲ್ಟಿಗೆ ತೂತು ಕೊರೆದರೆ ಭಾರ ಹೊರುವ ನಾರುಗಳೇ ಕಡಿದು ಹೋಗುವುವು. ಅದರ ಧೂಳು ಉಸಿರಿಗೆ ಕೆಟ್ಟದ್ದು. ಅದು ಮುರಿಯುವಾಗ ಮುನ್ಸೂಚನೆ ಕೊಡದೆ ಥಟ್ಟನೆ ಮುರಿಯುವುದು.

ದೋಟಿಯ ತೂಗಾಟಕ್ಕೆ ಬರೋಣ. ನಮ್ಮ ಕೊಳವೆ ತುದಿಯ ಭಾರದೊಡನೆ ಸೆಕೆಂಡಿಗೆ ಸುಮಾರು 13 ಬಾರಿ ಕಂಪಿಸುವುದು. ಇಷ್ಟು ಚುರುಕಾದ ಕಂಪನ ಕಣ್ಣಿಗೆ ಬೀಳುವ ಮೊದಲೇ ಅಡಗುತ್ತದೆ. ಘನ ಸರಳಿನದು 3 ಬಾರಿ. ಗೂಟದ ಮುಂದೆ ಬಳೆ ಓಲಾಡುವುದನ್ನು ನೋಡುತ್ತ ಕೂರಬೇಕು. ಆದರೆ ಒಳ್ಳೆಯ ಕೊಳವೆಯಿದ್ದೂ ತುದಿ ಓಲಾಡುವ ತೋಳುಗಳೇ ಹೆಚ್ಚು. ಅಪರಾಧಿ ಭುಜದಲ್ಲಿರುತ್ತಾನೆ. ಅಲ್ಲಿನ ಹಲ್ಲುಚಕ್ರ ಅಥವಾ ಸರಪಳಿಯಲ್ಲಿ ಒಂದೇ ಒಂದು ಡಿಗ್ರಿ ಸಡಿಲವಿದ್ದರೆ ಒಂದು ಮೀಟರ್ ಆಚೆಯ ತುದಿ 17 ಮಿಲಿಮೀಟರ್ ಆಡುವುದು. ಕೊಳವೆ ಬಾಗುವುದರ ಹನ್ನೆರಡು ಪಟ್ಟು! ಇಲ್ಲಿ ಉಕ್ಕಿಗೆ ಸ್ಥಾನವಿದೆ. ಅಚ್ಚು ಬೇರಿಂಗಿನ ತೂತಿನೊಳಗೆ ಹಿಡಿಯಬೇಕಾದ್ದರಿಂದ ಅದರ ದಪ್ಪ ಮೊದಲೇ ನಿಗದಿಯಾಗಿರುತ್ತದೆ; ಹಗುರ ಲೋಹವೆಂದು ದಪ್ಪ ಹೆಚ್ಚಿಸುವಂತಿಲ್ಲ. ಅಳತೆ ಕಟ್ಟುನಿಟ್ಟಾದೆಡೆ ಸಾಂದ್ರತೆಯಿಂದ ಭಾಗಿಸುವ ಪ್ರಶ್ನೆಯೇ ಇಲ್ಲ. 205 ಎಂದರೆ 205, 69 ಎಂದರೆ 69. ಭುಜಕ್ಕೆ ಹತ್ತಿರವಿರುವುದರಿಂದ ಅದರ ತೂಕವೂ ಜಡತ್ವಕ್ಕೆ ಸೇರುವುದಿಲ್ಲವೆನ್ನಬಹುದು. ತೋಳಿನ ಭಾರವನ್ನು ತೂಗಿಸಲು ನಮ್ಮ ಏತದಲ್ಲಿ ಹಿಂದುಗಡೆ ಕಲ್ಲು ಕಟ್ಟುತ್ತಾರೆ. ತೂಕಕ್ಕೆ ಮಿತಿಯಿರುವ ರೋಬಾಟಿನಲ್ಲಿ ಆ ಕಲ್ಲಿನ ಬದಲು ಸ್ಪ್ರಿಂಗು ಅಥವಾ ರಬ್ಬರಿನ ನಳಿಕೆ. ಮೋಟಾರಿನ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಉಳಿದುದು ಬೆರಳುಗಳು. ಮೊದಲು ಬಡಿಸಿಕೊಳ್ಳುವುವು ಅವೇ. ಇಲ್ಲಿ ಪೆಡಸುತನವೇ ಬೇಡ. ಬಾಗಿ ಮತ್ತೆ ನೆಟ್ಟಗಾಗುವ ಗುಣ ಬೇಕು. ಪಾಲಿಕಾರ್ಬನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಣಾಂಕ ಸುಮಾರು 2.4 ಗಿಗಾಪಾಸ್ಕಲ್ ಅಷ್ಟೆ. ಅದರಿಂದ ತೋಳು ಮಾಡಿದರೆ ತುದಿ 40 ಮಿಲಿಮೀಟರ್ ಜೋಲುವುದು. ಆದರೆ ಅಪೋಲೋ ಯಾತ್ರಿಕರ ಶಿರಸ್ತ್ರಾಣದ ಗೋಳ ಇದೇ ವಸ್ತುವಿನದು. ಸುತ್ತಿಗೆಯಿಂದ ಹೊಡೆದರೂ ಸುಲಭವಾಗಿ ಸೀಳುವುದಿಲ್ಲ. ನೋಡಲು ಇದರಂತೆಯೇ ಇರುವ ಅಕ್ರಿಲಿಕ್ಕನ್ನು ಅಗ್ಗವೆಂದು ತಂದರೆ ಮೊದಲ ಪೆಟ್ಟಿಗೇ ಗಾಜಿನಂತೆ ಚೂರಾಗುವುದು. ಪಾಲಿಕಾರ್ಬನೇಟಿಗೂ ಒಬ್ಬ ಶತ್ರುವುಂಟು: ಬೋಲ್ಟು ಸಡಿಲವಾಗದಂತೆ ಎಳೆಗಳಿಗೆ ಹಚ್ಚುವ ದ್ರವದ ಅಂಟು. ಅದು ತಗುಲಿದೆಡೆ ಪ್ಲಾಸ್ಟಿಕ್ಕು ಕೂದಲೆಳೆಯ ಬಿರುಕು ಬಿಡುತ್ತದೆ. ಅಲ್ಲಿ ಒಳಗೆ ನೈಲಾನ್ ಉಂಗುರವಿರುವ ನಟ್ಟುಗಳನ್ನೇ ಬಳಸಬೇಕು. ಬೆರಳುಗಳ ಒಳಮೈಗೆ, ಬಳೆ ಜಾರದಂತೆ, ಒರಟು ರಬ್ಬರನ್ನು ಹೊದಿಸುತ್ತಾರೆ.

ಇಷ್ಟಾದರೂ ಒಂದಲ್ಲ ಒಂದು ಆಟದಲ್ಲಿ ತೋಳು ಸೊಟ್ಟಗಾಗಬಹುದು. ಎರಡು ಆಟಗಳ ನಡುವೆ ದೊರೆಯುವ ಬಿಡುವು ಕೆಲವೊಮ್ಮೆ ಹತ್ತಿಪ್ಪತ್ತು ನಿಮಿಷ. ಆದ್ದರಿಂದ ಅನುಭವಿಗಳಾದ ತಂಡಗಳು ಒಂದೇ ಅಳತೆಯ ಎರಡು ಕೊಳವೆಗಳನ್ನು ತಂದು, ಒಟ್ಟಿಗೆ ಕಚ್ಚಿಸಿ, ಎಲ್ಲ ತೂತುಗಳನ್ನೂ ಏಕಕಾಲದಲ್ಲಿ ಕೊರೆದು, ಒಂದನ್ನು ಯಂತ್ರಕ್ಕೆ ಜೋಡಿಸಿ ಇನ್ನೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗುತ್ತವೆ.